ಗದಿಗೆಮ್ಮನ ಸುಖ

ಮಾಧಾಪುರದ ಆ ಗಾಜಿನ ಕಟ್ಟಡದಲ್ಲಿ ಲಿಫ್ಟ್ ಹತ್ತದೆ ಇದ್ದವಳು ಗದಿಗೆಮ್ಮ ಒಬ್ಬಳೇ. ಬೆಳಿಗ್ಗೆ ಏಳಕ್ಕೆ ಬಂದು, ನೀಲಿ ಸಮವಸ್ತ್ರ ತೊಟ್ಟು, ಬಕೆಟ್ಟು ಮತ್ತು ಒರೆಸುವ ಕೋಲು ಹಿಡಿದುಕೊಂಡು ಆರನೇ ಮಹಡಿಯವರೆಗೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದಳು. ಜೊತೆಯ ಹೆಂಗಸರು ನಗುತ್ತಿದ್ದರು. "ಮೊಣಕಾಲು ಗಟ್ಟಿ ಇರಲಿ ಅಂತ ಹತ್ತತೀನಿ" ಎಂದು ಅವಳೂ ನಗುತ್ತಿದ್ದಳು. ಆ ಕಟ್ಟಡ ಏಳುತ್ತಿದ್ದಾಗ ಅವಳ ಗಂಡ ಸಂಗಣ್ಣ ಅದೇ ಆರನೇ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿದ್ದು ಸತ್ತಿದ್ದ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಕೆಲಸ ಮುಗಿಸಿ ಬೇರೆ ಕಟ್ಟಡಗಳಿಗೆ ಹೋಗಿಬಿಟ್ಟಿದ್ದರು.

ಗಂಡ ಹೆಂಡತಿ ಇಬ್ಬರೂ ಶಹಾಪುರದ ಕಡೆಯವರು. ಮದುವೆಯಾದ ಎರಡನೇ ವರ್ಷ ಊರಿನ ಏಳೆಂಟು ಮಂದಿ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೊರಟಾಗ ಇವರೂ ಗಂಟು ಕಟ್ಟಿದರು. ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೆ ಒಂದು ಬಂದಿಳಿಯುತ್ತಿದ್ದ ಕಾಲ. ಬಂಡೆ ಸಿಡಿಸಿ, ನೆಲ ಸಮ ಮಾಡಿ, ಎಲ್ಲೆಂದರಲ್ಲಿ ಪಾಯ ತೋಡುತ್ತಿದ್ದರು. ರಟ್ಟೆಯಲ್ಲಿ ಕಸುವಿದ್ದವರಿಗೆ ಕೆಲಸಕ್ಕೆ ಬರವಿರಲಿಲ್ಲ. ಸಂಗಣ್ಣ ಸೆಂಟ್ರಿಂಗ್ ಕೆಲಸ ಕಲಿತ. ಸ್ಲ್ಯಾಬ್ ಹಾಕುವ ಮುಂಚೆ ಹಲಗೆ ಜೋಡಿಸಿ ಕೆಳಗೆ ಕಂಬ ಕೊಡುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಎಲ್ಲವನ್ನೂ ಬಿಚ್ಚುವುದು. ಗದಿಗೆಮ್ಮ ಇಟ್ಟಿಗೆ, ಮರಳು ಹೊರುತ್ತಿದ್ದಳು.

ಸಂಗಣ್ಣ ಬಾಯಿಲ್ಲದ ಮನುಷ್ಯ. ಯಾರನ್ನಾದರೂ ಏನನ್ನಾದರೂ ಕೇಳುವುದೆಂದರೆ ಅವನಿಗೆ ಎಲ್ಲಿಲ್ಲದ ನಾಚಿಕೆ. ಯಾವ ಬಸ್ಸು ಹತ್ತಬೇಕು ಎಂದು ಕೇಳಲಾರದೆ ಒಮ್ಮೆ ಇಪ್ಪತ್ತು ಕಿಲೋಮೀಟರು ದೂರದ ಪಟಾನ್‌ಚೆರುವಿನಿಂದ ನಡೆದೇ ಬಂದಿದ್ದ. ಬಂದವನು ಕಾಲು ತೊಳೆದುಕೊಂಡು, "ದಾರಿ ಭಾಳ ಛಲೋ ಐತಿ" ಎಂದನೇ ಹೊರತು ಬೇರೇನೂ ಹೇಳಲಿಲ್ಲ.

ಅದು ೨೦೦೪ರ ಆಗಸ್ಟ್. ಮಳೆ ಹಿಡಿದಿತ್ತು. ಸೈಟಿನ ಹಿಂದೆ ನೀಲಿ ತಾಡಪತ್ರಿ ಹೊದಿಸಿದ ಅವರ ಗುಡಿಸಲಿನಲ್ಲಿ ನೆಲ ಒಸರುತ್ತಿತ್ತು. ಆರು ವರ್ಷದ ಮಗಳು ಭಾಗ್ಯಶ್ರೀಗೆ ಜ್ವರ. ಚಾಪೆಯ ಮೇಲೆ ಗೋಣಿಚೀಲ, ಅದರ ಮೇಲೆ ಸೀರೆ ಹಾಸಿದರೂ ಸ್ವಲ್ಪ ಹೊತ್ತಿಗೆ ಎಲ್ಲ ತೇವ.

"ಒಂದು ಹಲಗಿ ತರ್ರಿ, ಹುಡುಗಿ ಅದರ ಮ್ಯಾಲರೆ ಮಲಗಲಿ" ಎಂದು ಗದಿಗೆಮ್ಮ ಗಂಡನಿಗೆ ಹೇಳಿದಳು.

"ಸೈಟಿನ ಸಾಮಾನಿಗೆ ಕೈ ಹಚ್ಚಬಾರದು. ನಾ ಮೇಸ್ತ್ರೀನ ಕೇಳತೀನಿ ತಡಿ."

ಎರಡು ದಿನ ಕಳೆದರೂ ಅವನು ಕೇಳಲಿಲ್ಲ. ಕೇಳುವವನಲ್ಲ ಎಂದು ಅವಳಿಗೂ ಗೊತ್ತಿತ್ತು. ಮಂಗಳವಾರ ಇಟ್ಟಿಗೆ ಹೊತ್ತು ಆರನೇ ಮಹಡಿಗೆ ಹೋದಾಗ ಲಿಫ್ಟಿಗೆಂದು ಬಿಟ್ಟಿದ್ದ ಗೋಡೆಯ ಬಾಯಿಗೆ ಅಡ್ಡವಾಗಿ ಒಂದು ಪ್ಲೈವುಡ್ ಹಲಗೆಯನ್ನು ತಂತಿಯಿಂದ ಕಟ್ಟಿರುವುದು ಕಂಡಿತು. ಉದ್ದ ಅಗಲ ಎರಡೂ ಮಗುವಿಗೆ ಹೇಳಿ ಮಾಡಿಸಿದ ಹಾಗೆ. ತಂತಿ ಸಡಿಲವಿತ್ತು. ಬಿಚ್ಚಿದಳು, ತಲೆಯ ಮೇಲಿಟ್ಟುಕೊಂಡು ಇಳಿದಳು. ಆ ಸೈಟಿನಲ್ಲಿ ಎಲ್ಲರೂ ತಲೆಯ ಮೇಲೆ ಏನಾದರೊಂದು ಹೊತ್ತೇ ಇರುತ್ತಿದ್ದರು, ಯಾರೂ ಕೇಳಲಿಲ್ಲ.

ಸಂಜೆ ಸಂಗಣ್ಣ ಮಗಳ ಕೆಳಗೆ ಹಲಗೆ ನೋಡಿ ಹುಬ್ಬೇರಿಸಿದ.

"ಮೇಸ್ತ್ರಿ ಕೊಟ್ಟಾನ" ಎಂದಳು.

"ಕಲ್ಯಾಣಪ್ಪನೋರು ಛಲೋ ಮನಷ್ಯಾ" ಎಂದು ಅವನು ಮಗಳ ಹಣೆ ಮುಟ್ಟಿ ನೋಡಿದ. ಆ ಮಾತನ್ನು ಅವನು ನಂಬಿದ್ದು ಅವಳಿಗೆ ಆಗ ಹಗುರವೆನಿಸಿತ್ತು.

ಗುರುವಾರ ಮಧ್ಯಾಹ್ನ ಊಟದ ನಂತರ ಅವನು ಆರನೇ ಮಹಡಿಯಲ್ಲಿ ಕಂಬ ಬಿಚ್ಚುತ್ತಿದ್ದ. ಉದ್ದನೆಯ ಕಂಬವೊಂದನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತ ಹಿಂದೆ ಹಿಂದೆ ಸರಿದ. ಹಿಂದೆ ಗೋಡೆ ಇರಲಿಲ್ಲ, ಹಲಗೆಯೂ ಇರಲಿಲ್ಲ. ಕೆಳಗೆ ಮರಳು ಜರಡಿ ಹಿಡಿಯುತ್ತಿದ್ದ ಗದಿಗೆಮ್ಮನಿಗೆ ಕೇಳಿಸಿದ್ದು ಕಂಬ ಗುಂಡಿಗೆ ಬಿದ್ದ ಸದ್ದು ಮಾತ್ರ. ಸಾಮಾನು ಬಿತ್ತು ಎಂದುಕೊಂಡು ಅವಳು ಇನ್ನೊಂದು ಸಲಿಕೆ ಮರಳು ಹಾಕಿದಳು.

ಮರುದಿನ ಗುಡಿಸಲಿಗೆ ಮೇಸ್ತ್ರಿ ಕಲ್ಯಾಣಪ್ಪ ಬಂದ. ಬೀದರ್ ಕಡೆಯವನು, ತನ್ನ ಆಳುಗಳ ಪರವಾಗಿ ನಿಲ್ಲುತ್ತಿದ್ದವನು. ಸಮಾಧಾನ ಹೇಳಲು ಬಂದ ಹೆಂಗಸರು ಹಸಿ ನೆಲದ ಮೇಲೆ ಕೂರಲಾರದೆ ಅದೇ ಹಲಗೆಯ ಮೇಲೆ ಒತ್ತೊತ್ತಾಗಿ ಕೂತಿದ್ದರು.

"ಅಲ್ಲಿ ಅಡ್ಡ ಹಲಗಿ ಇರಬೇಕಿತ್ತು, ಇರಲಿಲ್ಲ. ಯಾರು ತಗದಾರೋ ಆ ದೇವರಿಗೇ ಗೊತ್ತು" ಎಂದು ಕಲ್ಯಾಣಪ್ಪ ದನಿ ತಗ್ಗಿಸಿದ. "ಅದು ಇರದಿದ್ದದ್ದು ಕಟ್ಟಡದವರ ತಪ್ಪು ತಂಗೆವ್ವ. ನಾ ಬಿಡಂಗಿಲ್ಲ. ಅವರು ರೊಕ್ಕಾ ಕೊಡಬೇಕು, ಕೊಡತಾರ."

ಗದಿಗೆಮ್ಮ ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದಳು. ಆ ಗಳಿಗೆಯಲ್ಲಿ ಬಾಯಿ ತೆರೆದಿದ್ದರೆ ತೆರೆದಂತೆ. ತೆರೆಯಲಿಲ್ಲ.

ಕಟ್ಟಡದವರು ಎರಡೂವರೆ ಲಕ್ಷ ಕೊಟ್ಟರು. ಕಲ್ಯಾಣಪ್ಪನೇ ಬ್ಯಾಂಕಿಗೆ ಕರೆದೊಯ್ದು ಅವಳ ಹೆಸರಿನಲ್ಲಿ ಇಡಿಸಿದ. ಕಟ್ಟಡ ಮುಗಿದು ಅಮೆರಿಕದ ಕೆಲಸ ಮಾಡುವ ಕಂಪನಿಯೊಂದು ಅಲ್ಲಿಗೆ ಬಂದಾಗ, ಕಸ ಗುಡಿಸಿ ಒರೆಸುವ ಗುತ್ತಿಗೆಯವನ ಹತ್ತಿರ ಹೇಳಿ ಅವಳಿಗೊಂದು ಕೆಲಸವನ್ನೂ ಕೊಡಿಸಿದ. ಹೊರುವ ಕೆಲಸದ ಎರಡು ಪಟ್ಟು ಸಂಬಳ, ವಾರಕ್ಕೊಂದು ರಜೆ, ಕಾಲಿಗೆ ಬೂಟು. ಬೇರೆ ಎಲ್ಲಾದರೂ ನೋಡಿ ಅಣ್ಣಾ ಎನ್ನಬೇಕೆಂದು ಅವಳು ಹೋಗಿದ್ದಳು. ಸಂಬಳ ಕೇಳಿದ ಮೇಲೆ ಅನ್ನಲಿಲ್ಲ.

ಆಮೇಲೆ ನಡೆದದ್ದು ಯಾರೂ ಅಲ್ಲಗಳೆಯಲಾರದ ಸಂಗತಿ. ಗದಿಗೆಮ್ಮ ಸುಖವಾದಳು.

ಬೋರಬಂಡದಲ್ಲಿ ಸಿಮೆಂಟಿನ ನೆಲ, ತಗಡಿನ ಬದಲು ಆರ್‌ಸಿಸಿ ತಾರಸಿ ಇರುವ ಕೋಣೆ ಹಿಡಿದಳು. ನಳ ಬಾಗಿಲಲ್ಲೇ ಇತ್ತು. ಭಾಗ್ಯಶ್ರೀ ಇಂಗ್ಲಿಷ್ ಶಾಲೆಗೆ ಸೇರಿದಳು, ಆರು ತಿಂಗಳಲ್ಲಿ ಗಲ್ಲ ತುಂಬಿದವು. ಮಗುವನ್ನು ನೋಡಿಕೊಳ್ಳಲೆಂದು ಅತ್ತೆ ಬಸಲಿಂಗಮ್ಮನನ್ನು ಊರಿಂದ ಕರೆಸಿಕೊಂಡಳು. ಜೋಳದ ಜೊತೆ ಅಕ್ಕಿಯೂ ಮನೆಯಲ್ಲಿರುತ್ತಿತ್ತು. ಗದಿಗೆಮ್ಮನ ಬೆನ್ನುನೋವು ಹೋಯಿತು, ಅಂಗೈಯ ಬಿರುಕು ಕೂಡಿಕೊಂಡವು. ಮೂವತ್ತೆರಡರಲ್ಲಿ ಅವಳು ಇಪ್ಪತ್ತೆರಡರಲ್ಲಿ ಇದ್ದುದಕ್ಕಿಂತ ಚೆಂದ ಕಾಣುತ್ತಿದ್ದಳು. ಅದು ಅವಳಿಗೆ ತಿಳಿದದ್ದು ಕಂಪನಿಯ ಶೌಚಾಲಯದ ದೊಡ್ಡ ಕನ್ನಡಿ ಒರೆಸುವಾಗ. ನೋಡಿ ಖುಷಿಯಾಯಿತು. ಆ ಖುಷಿಯ ಬೆನ್ನಿಗೇ ಎದೆಯಲ್ಲಿ ಏನೋ ಜಾರಿ ಕೆಳಗೆ ಬಿದ್ದ ಹಾಗಾಯಿತು.

ಮುಂದೆ ಅದು ಹಾಗೇ ಆಗತೊಡಗಿತು. ಮಗಳು ಒಂದು ಪದ್ಯ ಒಪ್ಪಿಸಿದರೆ, ಹೊಸ ಸೀರೆಯ ಮಡಿಕೆ ಬಿಚ್ಚಿದರೆ, ಬಿಸಿಬಿಸಿ ಅನ್ನಕ್ಕೆ ತುಪ್ಪ ಬಿದ್ದರೆ ಮೊದಲು ಸಂತೋಷ, ಹಿಂದೆಯೇ ಆ ಜಾರಿಕೆ. ಹಿಂದಿನ ದಿನಗಳೇ ಚೆನ್ನಾಗಿದ್ದವು ಎಂದಾದರೂ ಅಂದುಕೊಳ್ಳೋಣವೆಂದರೆ ಅದೂ ಸುಳ್ಳಾಗುತ್ತಿತ್ತು. ನೆನಪಿಗೆ ಬರುತ್ತಿದ್ದದ್ದು ಒದ್ದೆ ಕೌದಿ, ಸೊಂಟದ ನೋವು, ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದ್ದಕ್ಕೆ ಗಂಡ ಹೆಂಡತಿ ಆಡಿದ ಜಗಳ. ಸಂಗಣ್ಣ ಒಳ್ಳೆಯವನಾಗಿದ್ದ. ಅವನ ಜೊತೆಗಿನ ಬಾಳು ಸುಖದ್ದಾಗಿರಲಿಲ್ಲ. ಎರಡೂ ನಿಜ.

ಬಸಲಿಂಗಮ್ಮನೂ ಈ ವಿಷಯದಲ್ಲಿ ಬೇರೆಯಾಗಿರಲಿಲ್ಲ. ಒಂದು ದಿನ ಉಂಡು ಕೈ ತೊಳೆದು ಗೋಡೆಗೆ ಒರಗಿ ಆಕೆ ಹೇಳಿದಳು: "ಹುಟ್ಟಿದಾಗಿಂದ ಹಿಂಗ ಉಂಡಿದ್ದಿಲ್ಲ ಬಿಡ ಗದಿಗೆವ್ವ. ನನ್ನ ಮಗ ಸತ್ತು ನಮ್ಮನ್ನ ಸುಖಕ್ಕ ಹಚ್ಚಿದ. ಹೊಟ್ಟಿ ತುಂಬಿದ ಕೂಡ್ಲೇ ಅಂಜಿಕಿ ಬರ್ತೈತಿ ನನಗ."

ಗದಿಗೆಮ್ಮ ತಾಟು ತೊಳೆಯಲು ಹೊರಗೆ ಹೋದಳು.

ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳಿರಬೇಕು. ಮಧ್ಯಾಹ್ನ ನಾಲ್ಕರ ಸುಮಾರು, ಮಹಡಿಯ ಮಂದಿಯೆಲ್ಲ ಕಂಪ್ಯೂಟರಿನ ಮುಂದೆ ಕೂತಿದ್ದಾಗ, ಅವಳು ಲಿಫ್ಟಿನ ಎದುರು ನೆಲ ಒರೆಸುತ್ತಿದ್ದಳು. ಟಿಣ್ ಎಂದು ಲಿಫ್ಟ್ ಬಂತು. ಉಕ್ಕಿನ ಬಾಗಿಲು ತೆರೆಯಿತು. ಒಳಗೆ ಯಾರೂ ಇಲ್ಲ. ಬೆಳಕು, ಹಿಂಬದಿಯಲ್ಲಿ ಕನ್ನಡಿ, ಕನ್ನಡಿಯಲ್ಲಿ ನೀಲಿ ಬಟ್ಟೆಯ ಅವಳೇ. ಬಾಗಿಲು ಒಂದಷ್ಟು ಹೊತ್ತು ತೆರೆದೇ ಇತ್ತು, ಯಾರೋ ಹೊರಗೆ ಬರಲು ನಾಚಿಕೊಂಡು ನಿಂತ ಹಾಗೆ. ಆಮೇಲೆ ಮುಚ್ಚಿಕೊಂಡಿತು. ಅವಳ ಕೈಯಿಂದ ಕೋಲು ಬಿದ್ದದ್ದು ಆಗಲೇ ಅವಳಿಗೆ ತಿಳಿದದ್ದು.

ಮರುದಿನವೂ ಬಂತು. ಅದರ ಮರುದಿನವೂ. ನಾಲ್ಕಕ್ಕೆ, ಕೆಲವೊಮ್ಮೆ ಐದು ಹತ್ತು ನಿಮಿಷ ಆಚೀಚೆ.

ಅವಳು ಯಾರಿಗೂ ಹೇಳಲಿಲ್ಲ. ವಾರಗಟ್ಟಲೆ ಆ ಹೊತ್ತಿಗೆ ಬೇರೆ ಮೂಲೆಗೆ ಹೋಗಿ ನಿಂತಳು. ಟಿಣ್ ಎಂಬ ಸದ್ದು ಅಲ್ಲಿಗೂ ಕೇಳುತ್ತಿತ್ತು. ಕೊನೆಗೆ ಒಂದು ದಿನ ಎದುರಿಗೇ ಹೋಗಿ ನಿಂತು, ತೆರೆದ ಬಾಗಿಲಿಗೆ ಮೆಲ್ಲಗೆ ಹೇಳಿದಳು: "ಭಾಗ್ಯಾ ಸಾಲ್ಯಾಗ ಮೂರನೇತ್ತಾಕ ಬಂದಾಳ್ರಿ." ಬಾಗಿಲು ಮುಚ್ಚಿಕೊಂಡಿತು. ಎದೆ ಹಗುರಾಯಿತು. ಅಲ್ಲಿಂದ ಅದು ದಿನದ ರೂಢಿಯಾಯಿತು. ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದು, ಮಗಳಿಗೆ ಸೈಕಲ್ಲು ಬಂದದ್ದು, ಎಲ್ಲ ಬಾಗಿಲು ತೆರೆದಿರುವ ಆ ಐದಾರು ಕ್ಷಣದೊಳಗೆ. ಒಳಗೆ ಮಾತ್ರ ಒಮ್ಮೆಯೂ ಕಾಲಿಡಲಿಲ್ಲ. ಹಲಗೆಯ ಮಾತನ್ನೂ ಎತ್ತಲಿಲ್ಲ. ಒಳ್ಳೆಯ ಸುದ್ದಿಯನ್ನಷ್ಟೇ ಹೇಳುತ್ತಿದ್ದಳು, ಊರಿಗೆ ಫೋನು ಮಾಡಿದವರ ಹಾಗೆ.

೨೦೦೮ರ ಕೊನೆಯಲ್ಲಿ ಕಂಪನಿಯವರು ಎಲ್ಲರಿಗೂ ಪ್ರಶ್ನೆಗಳ ಒಂದು ಕಾಗದ ಹಂಚಿದರು. ಗುಡಿಸುವವರಿಗೂ ಬಂತು. ಬೀದರಿನ ಹುಡುಗಿ ಶೀತಲ ಆ ಮಹಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಳು. ಕನ್ನಡ ಮಾತಾಡಲು ಸಿಕ್ಕ ಒಬ್ಬಳೇ ಎಂದು ಗದಿಗೆಮ್ಮನ ಮೇಲೆ ಅವಳಿಗೆ ಅಕ್ಕರೆ.

"ಅಕ್ಕಾ, ನಾನೇ ಓದಿ ಹೇಳ್ತೀನಿ, ನೀವು ಒಂದರಿಂದ ಐದರ ತನಕ ಒಂದು ಅಂಕಿ ಹೇಳ್ರಿ ಸಾಕು" ಎಂದು ಶೀತಲ ಪೆನ್ನು ತೆಗೆದಳು. ಊಟ ಹೇಗಿದೆ, ಮೇಲಿನವರು ಹೇಗೆ ಮಾತಾಡಿಸುತ್ತಾರೆ ಎಂಬವೆಲ್ಲ ಮುಗಿದವು. "ಇದು ಕಡೀದು. ಐದು ವರ್ಷದ ಹಿಂದಿಗಿಂತ ಈಗ ನಿಮ್ಮ ಬದುಕು ಸುಖ ಐತೇನು? ಭಾಳ ಸುಖ ಅಂದ್ರ ಐದು."

ಐದು ವರ್ಷದ ಹಿಂದೆ ಎಂದರೆ ಗುಡಿಸಲು, ಇಟ್ಟಿಗೆ, ಸಂಗಣ್ಣ. ಗದಿಗೆಮ್ಮ ಕಿಟಕಿಯ ಗಾಜಿನಾಚೆ ನೋಡಿದಳು. ಎದುರಿನ ಕಟ್ಟಡದ ಅರ್ಧ ಏರಿದ ಗೋಡೆಗಳ ಮೇಲೆ ಯಾರೋ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ನಡೆಯುತ್ತಿದ್ದರು.

"ಐದು" ಎಂದಳು.

"ಛಲೋ ಆತು ಬಿಡ್ರಿ. ನನಗ ಮೂರರ ಮ್ಯಾಲ ಬರೀಲಿಕ್ಕೆ ಆಗಲಿಲ್ಲ ನೋಡ್ರಿ" ಎಂದು ಶೀತಲ ನಕ್ಕಳು.

ಆ ಮಧ್ಯಾಹ್ನ ಲಿಫ್ಟ್ ಬಂದಾಗ ಗದಿಗೆಮ್ಮ ತಲೆ ಬಗ್ಗಿಸಿ ನೆಲ ಒರೆಸುತ್ತಲೇ ಇದ್ದಳು. ಐದು ಎಂದು ಅಂದದ್ದನ್ನು ಅವನು ಆಗಲೇ ಕೇಳಿಸಿಕೊಂಡಿದ್ದಾನೆ ಎನಿಸಿತು.

ಅದಾಗಿ ಕೆಲವು ತಿಂಗಳಿಗೆ ಲಿಫ್ಟ್ ರಿಪೇರಿಯ ಶ್ರೀನಿವಾಸ ಬಂದ. ಆರನೇ ಮಹಡಿಯ ಗೋಡೆಯಲ್ಲಿದ್ದ ಒತ್ತುಗುಂಡಿ ಬಿಚ್ಚಿ ಒಳಗಿನ ತಂತಿಗಳನ್ನು ನೋಡುತ್ತಿದ್ದವನನ್ನು ಅವಳೇ ತೆಲುಗಿನಲ್ಲಿ ಏನಾಗಿದೆ ಎಂದು ಕೇಳಿದಳು. "ಏನಿಲ್ಲಮ್ಮಾ, ಬಿಸಿಲು ಹೊತ್ತಿನಲ್ಲಿ ಗೋಡೆ ಕಾದು ಇದರ ತಂತಿ ತಾನೇ ತಾಗಿಬಿಡುತ್ತೆ, ಲಿಫ್ಟ್ ಸುಮ್ಮನೆ ಬಂದು ನಿಲ್ಲುತ್ತೆ" ಎಂದು ಅವನು ಹೊಸ ಗುಂಡಿ ಕೂರಿಸಿ ಹೋದ. ಕಾಲು ಗಂಟೆಯ ಕೆಲಸ.

ಮರುದಿನ ನಾಲ್ಕಕ್ಕೆ ಅವಳು ನಿಂತಳು. ಬರಲಿಲ್ಲ. ನಾಲ್ಕೂವರೆಯಾಯಿತು, ಐದಾಯಿತು. ಸೂಪರ್‌ವೈಸರ್ ವೆಂಕಟೇಶ ಬಂದು ಬೈದ ಮೇಲೆ ಅಲ್ಲಿಂದ ಹೊರಟಳು. ಒಂದು ತಿಂಗಳು ಹೀಗೆ ಕಾದಳು. ಇಷ್ಟು ದಿನ ಅವನು ಬರುತ್ತಿದ್ದ ಎಂದು ಅವಳು ನಂಬಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಈಗ ಬರುತ್ತಿಲ್ಲ ಎಂಬುದನ್ನು ಮಾತ್ರ ಪೂರ್ತಿ ನಂಬಿದಳು. ಹೇಳುವ ಜಾಗ ಹೋಯಿತು. ಹೇಳದೆ ಉಳಿದದ್ದು ಒಳಗೆ ಬೆಳೆಯತೊಡಗಿತು, ಊಟ ಸೇರದಾಯಿತು.

ಒಂದು ಭಾನುವಾರ ಬಸಲಿಂಗಮ್ಮ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಭಾಗ್ಯಶ್ರೀ ಗೆಳತಿಯ ಮನೆಗೆ ಹೋಗಿದ್ದಳು. ಗದಿಗೆಮ್ಮ ಬಂದು ಎದುರಿಗೆ ಕೂತಳು.

"ಅತ್ತಿ, ಆ ಹಲಗಿ ನಾ ತಗದಿದ್ದೆ."

"ಯಾವ ಹಲಗಿ?"

"ಲಿಫ್ಟಿನ ಬಾಯಿಗೆ ಅಡ್ಡ ಕಟ್ಟಿದ್ದು. ಭಾಗ್ಯಾಗ ಜ್ವರಾ ಬಂದಿದ್ದವು, ನೆಲಾ ಹಸಿ ಇತ್ತು. ನಾ ಬಿಚ್ಚಿ ತಂದೆ. ಮೇಸ್ತ್ರಿ ಕೊಟ್ಟಾನಂತ ಅವ್ರಿಗೆ ಸುಳ್ಳ ಹೇಳಿದೆ. ಮೂರನೇ ದಿನಕ್ಕ ಅವ್ರು ಅಲ್ಲೇ ಬಿದ್ರು."

ಮುದುಕಿಯ ಕೈ ನಿಲ್ಲಲಿಲ್ಲ. ಹಿಡಿದ ಕಟ್ಟು ಪೂರ್ತಿ ಬಿಡಿಸಿದಳು. ಕಡ್ಡಿಗಳನ್ನು ಒಂದು ಕಡೆ ಮಾಡಿದಳು.

"ಮತ್ಯಾರಿಗೆ ಗೊತ್ತೈತಿ?"

"ಯಾರಿಗೂ ಇಲ್ಲ. ನಿಮಗೊಬ್ಬರಿಗೇ."

"ನನಗ ಯಾಕ ಹೇಳಿದಿ?" ಬಸಲಿಂಗಮ್ಮ ತಲೆ ಎತ್ತಿದಳು. ಪೊರೆ ತೆಗೆಸಿದ ಕಣ್ಣು ನೀರಿಲ್ಲದೆ ಹೊಳೆಯುತ್ತಿದ್ದವು. "ಉಣ್ಣಾಕತ್ತಿದ್ನಲ್ಲ ನಾ, ಅಂಜಿಕೋತರೆ ಉಣ್ಣಾಕತ್ತಿದ್ನಲ್ಲ."

ಹನ್ನೊಂದು ದಿನ ಆಕೆ ಸೊಸೆಯ ಜೊತೆ ಮಾತಾಡಲಿಲ್ಲ. ಹನ್ನೆರಡನೆಯ ದಿನ ತಾನೇ ಹೇಳಿದಳು: "ನನಗ ಆ ಜಾಗಾ ತೋರಸು."

ರಜೆಯ ದಿನ ಕಟ್ಟಡ ಖಾಲಿಯಿತ್ತು. ಕಾವಲಿನ ರಾಮದಾಸ, ಮುದುಕಿ ಕಂಪನಿ ನೋಡಬೇಕಂತೆ ಎಂದಾಗ ನಕ್ಕು ಒಳಗೆ ಬಿಟ್ಟ. ಇಬ್ಬರೂ ಮೆಟ್ಟಿಲು ಹತ್ತಿದರು, ಮಹಡಿಗೊಮ್ಮೆ ಕೂತು, ಉಸಿರು ತೆಗೆದುಕೊಂಡು. ಆರನೆಯದರಲ್ಲಿ ಗದಿಗೆಮ್ಮ ಮಾತಾಡದೆ ಉಕ್ಕಿನ ಬಾಗಿಲು ತೋರಿಸಿದಳು. ಬಸಲಿಂಗಮ್ಮ ಅದರ ಮೇಲೆ ಅಂಗೈ ಇಟ್ಟಳು, ಮೇಲಿಂದ ಕೆಳಗೆ ಸವರಿದಳು, ಎಮ್ಮೆಯ ಮೈ ಸವರಿದ ಹಾಗೆ. ಪಕ್ಕದ ಗುಂಡಿ ಒತ್ತಿದರೆ ತೆರೆಯುತ್ತದೆ ಎಂದು ಆಕೆಗೆ ಯಾರು ಹೇಳಿದ್ದರೋ, ಒತ್ತಿದಳು. ಬಾಗಿಲು ತೆರೆಯಿತು. ಗದಿಗೆಮ್ಮ ಸೆರಗು ಹಿಡಿಯುವಷ್ಟರಲ್ಲಿ ಆಕೆ ಒಳಗೆ ಹೋಗಿ ನಿಂತಾಗಿತ್ತು. ಬಾಗಿಲು ಮುಚ್ಚಿತು. ಕೆಳಗಿಂದ ರಾಮದಾಸ ಗುಂಡಿ ಒತ್ತಿರಬೇಕು, ಲಿಫ್ಟ್ ಇಳಿಯತೊಡಗಿತು.

ಗದಿಗೆಮ್ಮ ಮೆಟ್ಟಿಲ ಮೇಲೆ ಓಡಿದಳು. ಎರಡೆರಡು ಮೆಟ್ಟಿಲು ಹಾರಿ, ಗೋಡೆಗೆ ಬಡಿದು, ಅತ್ತೀ, ಅತ್ತೀ ಎಂದು ಕೂಗುತ್ತ. ಅವಳು ಕೆಳಗೆ ಮುಟ್ಟಿದಾಗ ಬಸಲಿಂಗಮ್ಮ ಬಾಗಿಲ ಬಳಿಯ ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದಳು. ರಾಮದಾಸ ನೀರು ಕೊಡುತ್ತಿದ್ದ.

"ಇಳಿಯೂದು ಗೊತ್ತೇ ಆಗಂಗಿಲ್ಲಲ್ಲ" ಎಂದಳು ಮುದುಕಿ ಸಣ್ಣ ದನಿಯಲ್ಲಿ. "ಹೊಟ್ಟ್ಯಾಗ ಒಂದೀಟು ಸಂಕಟ ಆತು, ಅಷ್ಟ. ಅವಗೂ ಅಷ್ಟ ಆಗಿತ್ತೇನ ಗದಿಗೆವ್ವ?"

ಗದಿಗೆಮ್ಮ ಆಕೆಯ ಕಾಲ ಬಳಿ ನೆಲದ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು.

ಮಾರನೆಯ ದಿನ ಬಸಲಿಂಗಮ್ಮ ಬಜಾರಿಗೆ ಹೋಗಿ ಒಂದು ಸೀಮೆಎಣ್ಣೆ ಸ್ಟೋವ್ ಕೊಂಡು ತಂದು, ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಇಟ್ಟಳು. ತನ್ನ ರೊಟ್ಟಿ ತಾನೇ ಬಡಿದುಕೊಂಡಳು. ಊರಿಗೆ ಹೋಗುತ್ತೇನೆ ಎನ್ನಲಿಲ್ಲ, ಬೈಯಲಿಲ್ಲ, ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮೊಮ್ಮಗಳಿಗೆ ಎಂದಿನಂತೆ ಜಡೆ ಹಾಕಿದಳು. ಸೊಸೆ ದೇವರ ಗೂಡಿನಲ್ಲಿ ಇಡುವ ಹಣದಿಂದಲೇ ಹಿಟ್ಟು, ಎಣ್ಣೆ ತರುತ್ತಿದ್ದಳು. ಸೊಸೆಯ ಕೈಯ ಅಡುಗೆಯನ್ನು ಮಾತ್ರ ಮುಟ್ಟಲಿಲ್ಲ. ಹಣ ಮಗನದು, ಕೈ ಸೊಸೆಯದು ಎಂದು ಮನಸ್ಸಿನಲ್ಲೇ ಬೇರೆ ಮಾಡಿಕೊಂಡಿದ್ದಳೋ ಏನೋ.

"ಅಜ್ಜಿ ಯಾಕ ಬ್ಯಾರೆ ಅಡಗಿ ಮಾಡ್ಕೋತಾಳ?" ಎಂದು ಭಾಗ್ಯಶ್ರೀ ಕೇಳಿದಳು.

"ಅಜ್ಜಿಗೆ ನನ್ನ ಕೈಯಾನ ಖಾರ ಆಗಿಬರಂಗಿಲ್ಲ" ಎಂದಳು ಗದಿಗೆಮ್ಮ.

ಎರಡು ವರ್ಷ ಕಳೆದವು. ಗದಿಗೆಮ್ಮನನ್ನು ಮೂರು ಮಹಡಿಗಳ ಮೇಲ್ವಿಚಾರಕಿಯಾಗಿ ಮಾಡಿದರು. ಸಂಬಳ ಏರಿತು, ಸಮವಸ್ತ್ರದ ಬಣ್ಣ ಬದಲಾಯಿತು. ಆ ಸಂಜೆ ಅವಳು ಅರ್ಧ ಕಿಲೋ ಬಾದುಷಾ ಕಟ್ಟಿಸಿಕೊಂಡು ಮನೆಗೆ ಬಂದಳು. ಮಗಳು ಕುಣಿದಾಡಿ ಎರಡು ತಿಂದಳು. ಗದಿಗೆಮ್ಮ ಒಂದನ್ನು ತೆಗೆದು ಅತ್ತೆಯ ಕಡೆ ಕೈ ಚಾಚಿದಳು. ಏಕೆ ಚಾಚಿದಳೋ, ಆಕೆ ತೆಗೆದುಕೊಳ್ಳುವುದಿಲ್ಲವೆಂದು ಗೊತ್ತಿತ್ತು. ಬಸಲಿಂಗಮ್ಮ ಆ ಕೈಯನ್ನೇ ನೋಡುತ್ತ ಕೂತಳು. ಗದಿಗೆಮ್ಮ ಬಹಳ ಹೊತ್ತು ಹಾಗೇ ಹಿಡಿದಿದ್ದು, ಕೊನೆಗೆ ಒಂದು ಕಾಗದದ ಚೂರು ಹಾಸಿ ಬಾದುಷಾವನ್ನು ಇಬ್ಬರ ನಡುವೆ ನೆಲದ ಮೇಲಿಟ್ಟು ಹಿಂದೆ ಸರಿದಳು.

ಮುದುಕಿ ಬಾಗಿ ಅದನ್ನು ಎತ್ತಿಕೊಂಡಳು. ಮುರಿದು ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ಮೆಲ್ಲತೊಡಗಿದಳು.

"ಭಾಳ ಸಿಹಿ ಐತಿ" ಎಂದಳು.